ಅರ್ಧ ಲೋಟ ಪೆಟ್ರೋಲಿನ ದೂರ

ನಾನು ಫಿಸಿಯೋಥೆರಪಿಸ್ಟ್. ಕ್ಲಿನಿಕ್ ಇಟ್ಟುಕೊಂಡಿಲ್ಲ, ರೋಗಿಗಳ ಮನೆಗೇ ಹೋಗುತ್ತೇನೆ. ಮಂಡಿ ಆಪರೇಷನ್ ಮಾಡಿಸಿಕೊಂಡವರು, ಲಕ್ವ ಹೊಡೆದು ಒಂದು ಕೈ ಸೋತವರು, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡವರು. ಇವತ್ತು ರಾಜಾಜಿನಗರದಲ್ಲಿ ಎರಡು ಮನೆ, ಬಸವೇಶ್ವರನಗರದಲ್ಲಿ ಒಂದು, ನಾಳೆ ಕೆಂಗೇರಿ. ಒಂದು ದಿನದ ದಾರಿ ಇನ್ನೊಂದು ದಿನ ಇರುವುದಿಲ್ಲ. ಎಲ್ಲಿಗೆ ಹೋದರೂ ಹದಿನೆಂಟು ವರ್ಷ ಹಳೆಯ ನನ್ನ ಸ್ಕೂಟರಿನಲ್ಲೇ.

ಅದು ಲೀಟರಿಗೆ ನಲವತ್ತೈದು ಕಿಲೋಮೀಟರ್ ಕೊಡುತ್ತಿತ್ತು. ಟ್ಯಾಂಕ್ ಫುಲ್ ಮಾಡಿಸಿದಾಗಲೆಲ್ಲ ಗಾಡಿಯ ಮೀಟರಿನ ಅಂಕಿಗಳ ಫೋಟೋ ತೆಗೆದಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಹೋದ ಬೇಸಿಗೆಯಲ್ಲಿ ಒಂದು ದಿನ ಬಂಕಿನಲ್ಲಿ ನಿಂತು ಹಳೆಯ ಫೋಟೋ, ಹೊಸ ಫೋಟೋ ಎರಡನ್ನೂ ಹೋಲಿಸಿ ನೋಡಿದೆ. ಮೈಲೇಜು ಮೂವತ್ತಕ್ಕೆ ಇಳಿದಿತ್ತು. ನಾನೇ ತಪ್ಪಾಗಿ ಭಾಗಿಸಿದೆನೇನೋ ಎಂದುಕೊಂಡು ಮತ್ತೆ ಮಾಡಿದೆ. ಮೂವತ್ತೇ.

ನಮ್ಮ ಮನೆ ಆರ್‌ಪಿಸಿ ಲೇಔಟಿನಲ್ಲಿ. ಬೀದಿ ಕೊನೆಯ ಗ್ಯಾರೇಜಿನವನಿಗೆ ಗಾಡಿ ಬಿಟ್ಟೆ. ಅವನು ಏರ್ ಫಿಲ್ಟರ್ ಬದಲಾಯಿಸಿದ, ಪ್ಲಗ್ ಬದಲಾಯಿಸಿದ, ಕಾರ್ಬುರೇಟರ್ ಬಿಚ್ಚಿ ತೊಳೆದ, ಬ್ರೇಕು ಚಕ್ರವನ್ನು ಹಿಡಿದುಕೊಳ್ಳುತ್ತಿದೆಯೇ ಎಂದು ತಿರುಗಿಸಿ ನೋಡಿದ. ಮುಂದಿನ ಟ್ಯಾಂಕಿಗೆ ಮೂವತ್ತೊಂದು ಬಂತು. "ವಯಸ್ಸಾಯ್ತು ಮೇಡಂ, ಕೊಟ್ಬಿಡಿ" ಅಂದ.

ವಯಸ್ಸಾಯಿತು ಅನ್ನುವ ಕಾರಣವನ್ನು ನಾನು ಸುಲಭಕ್ಕೆ ಒಪ್ಪುವವಳಲ್ಲ. ವಯಸ್ಸು ನಿಧಾನವಾಗಿ ಬರುತ್ತದೆ. ಹೋದ ವಾರ ಮೆಟ್ಟಿಲು ಹತ್ತುತ್ತಿದ್ದವರು ಈ ವಾರ ಹತ್ತಲಾರರು ಅಂದರೆ ಅಲ್ಲಿ ಬೇರೇನೋ ಆಗಿರುತ್ತದೆ.

ನನ್ನ ಗಂಡ ಊಟಕ್ಕೆ ಕೂತಾಗ ಹೇಳಿದರು: "ಯಾರೋ ಪೈಪ್ ಹಾಕಿ ಪೆಟ್ರೋಲ್ ಎಳೀತಾ ಇದಾರೆ ಕಣೇ. ಇಂಜಿನ್ ಸರಿ ಇದೆ ಅಂದ್ಮೇಲೆ ಇನ್ನೆಲ್ಲಿಗೆ ಹೋಗುತ್ತೆ?"

ಅವರು ಹೇಳಿ ಮರೆತರು. ನನಗೆ ಮಾತ್ರ ಅದು ತಲೆಯಲ್ಲಿ ಕೂತುಬಿಟ್ಟಿತು. ಅದಕ್ಕೆ ಮೂರು ತಿಂಗಳ ಮುಂಚೆ ಕೆಳಗಿನ ಮನೆಗೆ ವಿಜಯಪುರದ ಕಡೆಯ ಗಂಡ ಹೆಂಡತಿ ಬಾಡಿಗೆಗೆ ಬಂದಿದ್ದರು. ಆತನದು ಊಟ ತಲುಪಿಸುವ ಡೆಲಿವರಿ ಕೆಲಸ, ಇಡೀ ದಿನ ಬೈಕಿನ ಮೇಲೆ. ಆ ಬೈಕೂ ನನ್ನ ಸ್ಕೂಟರೂ ಒಂದೇ ಶೀಟಿನಡಿ ನಿಲ್ಲುತ್ತಿದ್ದವು. ಅದಕ್ಕಿಂತ ಹೆಚ್ಚಿನ ಸಾಕ್ಷಿ ನನ್ನಲ್ಲಿರಲಿಲ್ಲ. ಆದರೂ ಮರುದಿನದಿಂದ ಸ್ಕೂಟರನ್ನು ಶೀಟಿನಿಂದ ಹೊರಗೆ ತಂದು, ನನ್ನ ಅಡುಗೆಮನೆ ಕಿಟಕಿಗೆ ಕಾಣುವ ಮೂಲೆಯಲ್ಲಿ, ಬಿಸಿಲಿನಲ್ಲೇ ನಿಲ್ಲಿಸತೊಡಗಿದೆ. ಮೇಲೆ ಒಂದು ಕವರು, ಕವರಿಗೊಂದು ಬೀಗ. ಎದುರಾದಾಗ ಆತನ ಹತ್ತಿರ ಮಾತು ಕಡಿಮೆ ಮಾಡಿದೆ. ಮೈಲೇಜು ಮೂವತ್ತರಲ್ಲೇ ಉಳಿಯಿತು.

ಒಂದು ಭಾನುವಾರ ಬೆಳಿಗ್ಗೆ ಸ್ಕೂಟರಿನ ಕೆಳಗೆ ಎಲ್ಲಾದರೂ ಪೆಟ್ರೋಲು ತೊಟ್ಟಿಕ್ಕಿದೆಯೇ ಎಂದು ಬಗ್ಗಿ ನೋಡುತ್ತಿದ್ದೆ. ಕೆಳಮನೆಯಾತ ಬಂದು ನಿಂತರು.

"ಅಕ್ಕಾರ, ಗಾಡಿಗೆ ಏನಾಗೈತ್ರಿ?"

"ಮೈಲೇಜ್ ಬರ್ತಾ ಇಲ್ಲ" ಅಂದೆ, ಮುಖ ಎತ್ತದೆ.

"ಉಲ್ಲಾಳದಾಗ ಒಬ್ರು ಹಿರ್ಯಾರು ಮೆಕ್ಯಾನಿಕ್ ಅದಾರ್ರಿ. ನನ್ನ ಬೈಕ್ ಅವರ ಕೈಯಾಗನ ಇರೋದು. ಬರ್ರಿ, ಈಗ ತೋರಿಸಿಕೊಂಡು ಬರೂಣು."

ಭಾನುವಾರ ಅವರಿಗೆ ಆರ್ಡರು ಹೆಚ್ಚು ಬರುವ ದಿನ ಎಂದು ನನಗೆ ಗೊತ್ತಿತ್ತು. ಬೇಡ ಅನ್ನಲು ಬಾಯಿ ತೆರೆದೆ, ಕಾರಣ ಹೊಳೆಯಲಿಲ್ಲ. ಅವರು ಬೈಕಿನಲ್ಲಿ ಮುಂದೆ, ನಾನು ಸ್ಕೂಟರಿನಲ್ಲಿ ಹಿಂದೆ ಹೊರಟೆವು.

ಉಲ್ಲಾಳದ ಹಳೇ ಊರಿನ ಓಣಿಯಲ್ಲಿ ಒಂದು ಹೆಂಚಿನ ಮನೆ, ಅದರ ಜಗಲಿಯೇ ಗ್ಯಾರೇಜು. ಮೆಕ್ಯಾನಿಕ್ಕರಿಗೆ ಎಪ್ಪತ್ತರ ಹತ್ತಿರದ ವಯಸ್ಸು, ತೆಳ್ಳನೆ ಆಳು, ಎಡಗೈ ತೋರುಬೆರಳಿಗೆ ಉಗುರಿಲ್ಲ. ಆ ಊರಿನ ರೈತರ ಮನೆಯವರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು, ಗಾಡಿ ಮುಟ್ಟಲಿಲ್ಲ.

"ನಿಧಾನಕ್ಕೆ ಕಮ್ಮಿ ಆಯ್ತಾ ಅಮ್ಮಾ, ಒಂದೇ ಸಲಕ್ಕೆ ಬಿತ್ತಾ?"

"ಒಂದೇ ಸಲ."

"ದಿಣ್ಣೆ ಹತ್ತೋವಾಗ ಎಳೆಯೋದು ಕಮ್ಮಿಯಾಗಿದ್ಯಾ?"

"ಇಲ್ಲ."

"ಹೊಗೆ? ಪೆಟ್ರೋಲ್ ವಾಸನೆ?"

"ಏನೂ ಇಲ್ಲ."

ಯಾವಾಗಿನಿಂದ ನೋವು, ಹತ್ತುವಾಗಲೋ ಇಳಿಯುವಾಗಲೋ ಎಂದು ದಿನವೂ ಊರವರನ್ನೆಲ್ಲ ಕೇಳುವವಳು ನಾನು. ನನ್ನ ಗಾಡಿಯ ಬಗ್ಗೆ ಇಂಥ ಒಂದು ಪ್ರಶ್ನೆಯನ್ನೂ ಕೇಳಿಕೊಂಡಿರಲಿಲ್ಲ.

ಅವರು ಒಳಗಿನಿಂದ ಹಳೆಯ ಗ್ಲೂಕೋಸ್ ಬಾಟಲಿಯೊಂದನ್ನು ತಂದರು. ಆಸ್ಪತ್ರೆಯಲ್ಲಿ ನೋಡುವಂಥದೇ, ಟ್ಯೂಬು ಸಮೇತ. ಸ್ಕೂಟರಿನ ಪಕ್ಕದ ಪ್ಯಾನೆಲ್ ಬಿಚ್ಚಿ, ಟ್ಯಾಂಕಿನಿಂದ ಬರುವ ಪೈಪನ್ನು ಕಳಚಿ, ಇಂಜಿನನ್ನು ಅದು ತಾನಾಗಿಯೇ ನಿಲ್ಲುವವರೆಗೂ ಓಡಿಸಿದರು. ಕಾರ್ಬುರೇಟರಿನಲ್ಲಿ ಉಳಿದಿದ್ದ ಹನಿಯೂ ಖಾಲಿಯಾಗಬೇಕಂತೆ. ಆಮೇಲೆ ಬಾಟಲಿಯ ಟ್ಯೂಬನ್ನು ಅಲ್ಲಿಗೆ ಸಿಕ್ಕಿಸಿ, ಬಾಟಲಿಗೆ ನೂರು ಎಂಎಲ್ ಪೆಟ್ರೋಲ್ ಅಳೆದು ಸುರಿದರು. ಕಾಫಿ ಲೋಟದಲ್ಲಿ ಅರ್ಧದಷ್ಟೂ ಇರಲಿಲ್ಲ.

"ನೀವೇ ಓಡ್ಸಿ. ನಾನು ಹಿಂದೆ ಕೂತ್ಕೋತೀನಿ. ನಿಮ್ ಕೈಯಲ್ಲಿ ಎಷ್ಟು ಕುಡಿಯುತ್ತೆ ಅಂತ ನೋಡ್ಬೇಕು."

ಕೆಳಮನೆಯಾತನನ್ನು ಜಗಲಿಯಲ್ಲಿ ಬಿಟ್ಟು ನಾವು ಮಲ್ಲತ್ತಹಳ್ಳಿ ಕಡೆಗೆ ಹೊರಟೆವು. ಹಿರಿಯರು ನನ್ನ ಬೆನ್ನಹಿಂದೆ ಬಾಟಲಿಯನ್ನು ತಲೆಯೆತ್ತರಕ್ಕೆ ಹಿಡಿದಿದ್ದರು. ಬಸ್ ಸ್ಟಾಪಿನಲ್ಲಿದ್ದ ಇಬ್ಬರು ವಿದ್ಯಾರ್ಥಿಗಳಲ್ಲಿ ಒಬ್ಬ, "ಮಗಾ, ಗಾಡಿಗೆ ಡ್ರಿಪ್ ಹಾಕಿದಾರೆ ನೋಡೋ" ಎಂದು ಕೂಗಿದ. ನನಗೂ ನಗು ಬಂತು. ಹಿರಿಯರು ನಗಲಿಲ್ಲ. ಅವರು ರಸ್ತೆಯ ಎರಡೂ ಬದಿಯನ್ನು ನೋಡುತ್ತಿದ್ದುದು ಕನ್ನಡಿಯಲ್ಲಿ ಕಾಣುತ್ತಿತ್ತು.

ಸ್ವಲ್ಪ ದೂರ ಹೋದ ಮೇಲೆ ಅವರು "ಇಪ್ಪತ್ತೈದು" ಅಂದರು. ವೇಗ ಕಡಿಮೆಯಾಯಿತು ಅನ್ನುತ್ತಿದ್ದಾರೆ ಎಂದುಕೊಂಡು ಆಕ್ಸಿಲರೇಟರ್ ತಿರುಗಿಸಿದೆ. "ಜೋರು ಬೇಡ, ದಿನಾ ಹೋಗೋ ಹಂಗೇ ಹೋಗಿ" ಅಂದರು. ನರ್ಸರಿಯ ಹತ್ತಿರ "ಮೂವತ್ತು." ಒಂದು ಟ್ರಾನ್ಸ್‌ಫಾರ್ಮರ್ ದಾಟಿದಾಗ "ಮೂವತ್ತೈದು." ಅದೇ ವೇಗದಲ್ಲೇ ಹೋಗುತ್ತಿದ್ದ ನನಗೆ ಏನೂ ಅರ್ಥವಾಗಲಿಲ್ಲ. ಕೆರೆಯ ಏರಿ ಪಕ್ಕಕ್ಕೆ ಬಂದೆವು. "ನಲವತ್ತು" ಅಂದರು. ಕೆರೆಯನ್ನು ಬಳಸಿ ಇನ್ನೂ ಒಂದಷ್ಟು ದೂರ ಹೋದ ಮೇಲೆ, ಹಸಿರು ಗೇಟಿನ ಒಂದು ಮನೆಯೆದುರು ಇಂಜಿನ್ ಎರಡು ಸಲ ಬಿಕ್ಕಳಿಸಿ ನಿಂತಿತು.

ಹಿರಿಯರು ಇಳಿದು ಹಿಂದೆ ಮುಂದೆ ನೋಡಿ, "ನಲವತ್ತೈದು. ನಿಮ್ ಇಂಜಿನ್ ಚಿನ್ನದ ಹಂಗಿದೆ ಅಮ್ಮಾ" ಅಂದರು.

ನಾನು ಮೀಟರ್ ತೋರಿಸಿದೆ. ಹೊರಡುವಾಗಿನ ಅಂಕಿ ನೆನಪಿಟ್ಟುಕೊಂಡಿದ್ದೆ. ಮೂರೇ ಕಿಲೋಮೀಟರ್ ಆಗಿತ್ತು. ನೂರು ಎಂಎಲ್‌ಗೆ ಮೂರು, ಅಂದರೆ ಲೀಟರಿಗೆ ಮೂವತ್ತು.

"ಮೀಟರ್ ನೋಡಿ ಟೆಸ್ಟ್ ಮಾಡಿದ್ರೆ, ಮೀಟರನ್ನ ಟೆಸ್ಟ್ ಮಾಡೋರು ಯಾರು?" ಅಂದರು ಅವರು. "ನಮ್ ಮನೆ ಜಗಲಿಯಿಂದ ಇಲ್ಲಿಗೆ ನಾಕೂವರೆ ಕಿಲೋಮೀಟರ್. ಇದು ಬದಲಾಗಲ್ಲ."

"ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?"

ಅವರು ರಸ್ತೆಬದಿಯ ಕಲ್ಲಿನ ಮೇಲೆ ಕೂತು ಹೇಳಿದರು. ಮೂವತ್ತು ವರ್ಷದ ಹಿಂದೆ ಗ್ಯಾರೇಜು ಶುರುಮಾಡಿದಾಗ, ಬಂದ ಗಾಡಿಗಳಲ್ಲಿ ಅರ್ಧಕ್ಕರ್ಧದ ಮೀಟರು ಕೆಟ್ಟಿರುತ್ತಿತ್ತಂತೆ. ಅದಕ್ಕೆ ರಸ್ತೆಯನ್ನೇ ಅಳೆದುಬಿಡೋಣ ಎಂದು ಸೈಕಲ್ಲಿನ ಚಕ್ರದ ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿ, ಜಗಲಿಯಿಂದ ತಳ್ಳಿಕೊಂಡು ಹೊರಟರು. ಬಟ್ಟೆ ಒಂದು ಸಲ ಕೆಳಗೆ ಬಂದರೆ ಒಂದು ಸುತ್ತು.

"ನಮ್ಮನೆಯೋಳು ಜೊತೇಲೇ ನಡ್ಕೊಂಡು ಬಂದ್ಲು. ನೂರು ಸುತ್ತು ಆದಂಗೆಲ್ಲ ಒಂದು ಅವರೆಕಾಳು ಮಡಿಲಿಗೆ ಹಾಕ್ಕೋತಿದ್ಲು. ಈ ಜಾಗಕ್ಕೆ ಇಪ್ಪತ್ತೊಂದು ಕಾಳು. ಆಗ ಇಲ್ಲಿ ಗೇಟಿರ್ಲಿಲ್ಲ, ಹುಣಸೆಮರ ಇತ್ತು. ಮರ ಕಡಿದ್ರು, ಸೈಟಾಯ್ತು, ಮನೆ ಬಂತು. ಗುರುತು ಬದಲಾದಂಗೆಲ್ಲ ನಾನೂ ಬದಲಾಯಿಸ್ಕೊಂಡು ಬಂದೆ. ರಸ್ತೆ ಅಗಲ ಮಾಡ್ದಾಗ ಇನ್ನೊಂದ್ಸಲ ತಳ್ಕೊಂಡ್ ಬಂದೆ. ನಾಕು ಮಾರು ವ್ಯತ್ಯಾಸ ಬಂತು, ಅಷ್ಟೇ."

ದಾರಿಯಲ್ಲಿ ಅವರು ಹೇಳುತ್ತಿದ್ದ ಅಂಕಿಗಳು ನನಗೆ ಆಗ ಅರ್ಥವಾದವು. ನೂರು ಎಂಎಲ್ ಹಾಕಿದ ಗಾಡಿ ನರ್ಸರಿ ಹತ್ತಿರ ನಿಂತರೆ ಲೀಟರಿಗೆ ಮೂವತ್ತು, ಏರಿಯ ಹತ್ತಿರ ನಿಂತರೆ ನಲವತ್ತು. ವರ್ಷಗಟ್ಟಲೆ ನಾನು ಓಡಾಡಿದ್ದ ರಸ್ತೆ ಅದು. ಹಳ್ಳ, ಹಂಪು, ಟ್ರಾಫಿಕ್ಕು ಬಿಟ್ಟು ನಾನು ಅಲ್ಲಿ ಏನನ್ನೂ ಕಂಡಿರಲಿಲ್ಲ. ಸಾವಿರಾರು ಗಾಡಿಗಳು ಎಲ್ಲೆಲ್ಲಿ ಉಸಿರು ಬಿಟ್ಟು ನಿಂತವು ಎಂಬುದು ಈ ಮನುಷ್ಯನಿಗೆ ಗುರುತುಗುರುತಾಗಿ ನೆನಪಿತ್ತು. ತಿರುಗಿ ನಾವು ಬಂದ ದಾರಿಯನ್ನು ನೋಡಿದೆ. ಲೋಟದ ತಳದಲ್ಲಿ ನಿಲ್ಲುವಷ್ಟು ಪೆಟ್ರೋಲು ನಮ್ಮಿಬ್ಬರನ್ನೂ ಒಂದು ಕಬ್ಬಿಣದ ಗಾಡಿಯನ್ನೂ ಹೊತ್ತು, ಎರಡು ದಿಣ್ಣೆ ಹತ್ತಿಸಿ, ಕೆರೆ ದಾಟಿಸಿ ತಂದಿತ್ತು. ನಡೆದು ಬಂದಿದ್ದರೆ ಒಂದು ಗಂಟೆ. ಒಂದು ಹೆಜ್ಜೆ ಇಡಲು ಒದ್ದಾಡುವವರ ನಡುವೆ ದಿನ ಕಳೆಯುವ ನನಗೆ ಮೈ ಜುಂ ಎಂದಿತು.

ಟ್ಯಾಂಕಿನ ಪೈಪು ಸಿಕ್ಕಿಸಿ ವಾಪಸು ಬಂದೆವು. ಜಗಲಿಯಲ್ಲಿ ಹಿರಿಯರು ಸ್ಕೂಟರಿನ ಮುಂಚಕ್ರವನ್ನು ಎತ್ತಿ ನಿಲ್ಲಿಸಿ ಕೈಯಿಂದ ತಿರುಗಿಸತೊಡಗಿದರು. "ಕಡೇ ಅಂಕಿ ನೋಡ್ತಾ ಇರಿ" ಅಂದರು. ಕೆಳಮನೆಯಾತನೂ ನಾನೂ ಮೀಟರಿಗೆ ಮುಖವಿಟ್ಟು ನಿಂತೆವು. ನೂರು ಮೀಟರಿಗೊಮ್ಮೆ ಹೊರಳುವ ಕೊನೆಯ ಪುಟ್ಟ ಅಂಕಿ ಎಂಟಾಯಿತು, ಮೆಲ್ಲಗೆ ಒಂಬತ್ತಾಯಿತು. ಮುಂದಿನ ಕಿಲೋಮೀಟರಿಗೆ ಹೊರಳಬೇಕಾದ ಹೊತ್ತಿಗೆ ಒಂಬತ್ತು ಅಲ್ಲೇ ನಡುಗುತ್ತ ನಿಂತಿತು. ಚಕ್ರ ತಿರುಗುತ್ತಲೇ ಇತ್ತು. ಹಿರಿಯರ ಹಣೆಯಲ್ಲಿ ಬೆವರು ಬರುವಷ್ಟು ಹೊತ್ತಾದ ಮೇಲೆ ಅದು ಟಕ್ಕನೆ ಹೊರಳಿತು.

ಮೀಟರಿನೊಳಗೆ ಒಂದು ಪ್ಲಾಸ್ಟಿಕ್ ಹಲ್ಲುಚಕ್ರ ಸವೆದಿತ್ತು. ಪ್ರತಿ ಕಿಲೋಮೀಟರಿನ ಕೊನೆಯಲ್ಲಿ ಅದು ಜಾರುತ್ತ, ಅರ್ಧ ಕಿಲೋಮೀಟರನ್ನು ಎಣಿಸದೆ ಬಿಟ್ಟುಬಿಡುತ್ತಿತ್ತು. ಮುಳ್ಳು ಎಂದಿನಂತೆ ವೇಗ ತೋರಿಸುತ್ತಿದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ನನ್ನ ಪೆಟ್ರೋಲನ್ನು ಯಾರೂ ಮುಟ್ಟಿರಲಿಲ್ಲ. ಒಂದೂವರೆ ತಿಂಗಳಲ್ಲಿ ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು ದೂರ ಹೋಗಿದ್ದೆ, ಅಷ್ಟೆ.

ಹಿರಿಯರು ಹಳೆಯ ಮೀಟರುಗಳ ಡಬ್ಬಿ ತಡಕಿ ಸರಿಹೊಂದುವ ಒಂದು ಚಕ್ರವನ್ನು ಹುಡುಕಿ ಕೂರಿಸಿದರು.

ಮನೆಗೆ ಬಂದು ಗೇಟಿನೊಳಗೆ ಗಾಡಿ ನಿಲ್ಲಿಸಿದ ಮೇಲೆ ನನಗೆ ತಡೆದುಕೊಳ್ಳಲಾಗಲಿಲ್ಲ.

"ನಾನು ನಿಮ್ಮ ಮೇಲೆ ಅನುಮಾನ ಪಟ್ಟಿದ್ದೆ" ಅಂದೆ. "ನೀವು ಪೆಟ್ರೋಲ್ ತೆಗೀತಾ ಇದೀರಿ ಅಂತ. ತಪ್ಪಾಯ್ತು."

ಅವರು ಹೆಲ್ಮೆಟ್ ತೆಗೆದು ಬೈಕಿನ ಕನ್ನಡಿಗೆ ಸಿಕ್ಕಿಸಿದರು.

"ಗೊತ್ತಿತ್ರಿ ಅಕ್ಕಾರ. ನೀವು ಗಾಡಿ ಬಿಸಲಾಗ ಇಟ್ಟ ದಿನಾನ ಗೊತ್ತಾತು. ಮನಿ ಬಿಟ್ಟು ಹೋಗೂಣು ಅಂತ ನಮ್ಮಾಕಿ ಅಂದ್ಲು. ನಾನ ಬ್ಯಾಡ ಅಂದೆ. ಹೋದ್ರ ನಾವ ಕದ್ದದ್ದು ಖರೇ ಅಂತ ಆಕ್ಕೈತಿ. ಗಾಡಿಗೆ ಏನಾಗೈತಿ ಅಂತ ಮೊದಲ ಹುಡುಕೂಣು ಅಂದೆ."

ತನ್ನನ್ನು ಕಳ್ಳ ಎಂದುಕೊಂಡವಳ ಮುಂದೆ ದಿನಾ ಓಡಾಡಿಕೊಂಡು, ಕೊನೆಗೆ ತನ್ನ ದುಡಿಮೆಯ ದಿನವನ್ನು ಬಿಟ್ಟು ಅವಳನ್ನೇ ಕರೆದುಕೊಂಡು ಹೋಗಿ ಸತ್ಯ ತೋರಿಸಲು ಎಂಥ ಮನಸ್ಸು ಬೇಕು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಅವರ ಜಾಗದಲ್ಲಿ ನಾನಿದ್ದಿದ್ದರೆ ಜಗಳ ಆಡಿರುತ್ತಿದ್ದೆ.

ಅವರು ಬಾಗಿಲಿನ ಕಡೆ ಹೊರಟವರು ನಿಂತು, "ಮುಂದಿನ ತಿಂಗಳ ನಮ್ಮವ್ವ ಬರ್ತಾಳ್ರಿ. ಮಂಡಿ ನೋವು ಭಾಳ ಐತಿ. ಒಂಚೂರು ನೋಡ್ತೀರೇನ್ರಿ?" ಎಂದು ಕೇಳಿದರು.

ಆ ತಾಯಿ ಬಂದರು. ಜೋಳದ ಹೊಲದಲ್ಲಿ ಕೂತೆದ್ದು ಸವೆದ ಮಂಡಿಗಳು. ದಿನಾ ಸಂಜೆ ಮನೆಗೆ ಬಂದವಳೇ ಮೊದಲು ಅವರ ಕಾಲು ನೋಡುತ್ತಿದ್ದೆ. ಐದನೆಯ ವಾರ ಒಂದು ಬೆಳಿಗ್ಗೆ ನಮ್ಮ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಆ ತಾಯಿ ಒಬ್ಬರೇ ಮಹಡಿ ಹತ್ತಿ ಬಂದು, ಏದುಸಿರು ಬಿಡುತ್ತ, ಶೇಂಗಾ ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದರು.