ಅಮಾತೆಪ್ಪನ ಗಾಳಿ

ಇಳಕಲ್ಲಿನ ನಮ್ಮ ಓಣಿಯ ಅಮಾತೆಪ್ಪ ವಯಸ್ಸೆಲ್ಲ ಗ್ರಾನೈಟ್ ಕೊರೆಯುವುದರಲ್ಲೇ ಕಳೆದವನು. ನೀರು ಬಿಟ್ಟು ಕೊರೆದರೆ ಧೂಳು ಏಳುವುದಿಲ್ಲ, ಆದರೆ ಕೆಲಸ ನಿಧಾನ. ಮಾಲೀಕರಿಗೆ ಅವಸರ, ಒಣ ಕಲ್ಲನ್ನೇ ಕೊರೆಸಿದರು. ಈಗ ಆ ಮಾಲೀಕರ ಬಂಗಲೆಯ ನೆಲ ಫಳಫಳ ಹೊಳೆಯುತ್ತದೆ. ಅಮಾತೆಪ್ಪನೋ, ಆ ಧೂಳು ಎದೆಗಿಳಿದು, ಕೊನೆಗಾಲದಲ್ಲಿ ಮೂಗಿಗೆ ನಳಿಗೆ ಹಚ್ಚಿಕೊಂಡು ಆಕ್ಸಿಜನ್ ಯಂತ್ರದ ಪಕ್ಕ ಮಲಗಿದ್ದ. ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅವನ ಮಗಳು ನಾಗರತ್ನಾ ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಬಹಳ ದೂರದ ನಕ್ಷತ್ರವೊಂದನ್ನು ಸುತ್ತುವ ಗ್ರಹಕ್ಕೆ ವಾತಾವರಣ ಇದೆಯೇ ಎಂದು ಪತ್ತೆ ಹಚ್ಚುವ ವಿಜ್ಞಾನಿಗಳ ತಂಡದಲ್ಲಿ ಅವಳೂ ಒಬ್ಬಳು. ಆ ಗ್ರಹದ ಒಂದೇ ಮುಖಕ್ಕೆ ಸದಾ ಬಿಸಿಲು. ಗಾಳಿ ಇದ್ದರೆ ಆ ಬಿಸಿಯನ್ನು ಕತ್ತಲ ಕಡೆಗೂ ಹಂಚುತ್ತದೆ; ಇಲ್ಲದಿದ್ದರೆ ಬಿಸಿಲ ಮುಖ ಕಾದ ಹಂಚಿನಂತಿರುತ್ತದೆ. ಬಾಹ್ಯಾಕಾಶದ ದೂರದರ್ಶಕ ಅಳೆಯುವುದು ಆ ಕಾವನ್ನೇ.

ಅಮಾತೆಪ್ಪನಿಗೆ ಇದರಲ್ಲಿ ಒಂದೇ ಮಾತು ಹಿಡಿಸಿತು. ಬಂದವರಿಗೆಲ್ಲ, “ನನ್ನ ಮಗಳು ಗಾಳಿ ಹುಡುಕಾಕತ್ತಾಳ,” ಎನ್ನುತ್ತಿದ್ದ. “ಮೊದಲ ನಿನಗೊಂದೀಟು ಹುಡುಕಾಕ ಹೇಳಲೇ,” ಎಂದು ನಾನು ಚೇಷ್ಟೆ ಮಾಡಿದರೆ ಕೆಮ್ಮುತ್ತಲೇ ನಗುತ್ತಿದ್ದ. ಅಲ್ಲಿ ಗಾಳಿ ಸಿಕ್ಕಿತೋ ಇಲ್ಲವೋ ಎಂಬ ಉತ್ತರ ಕೇಳಿಯೇ ಹೋಗಬೇಕೆಂದು ಜೀವ ಹಿಡಿದುಕೊಂಡಿದ್ದ.

ಉತ್ತರ ಬಂತು: ಗಾಳಿಯ ಸುಳಿವಿಲ್ಲ, ಬರಿಯ ಬಂಡೆ. ನಾಗರತ್ನಾ ಬಸ್ಸಿಳಿದು ಬಂದಾಗ ನಾನು ಅವರ ಮನೆಯಲ್ಲೇ ಇದ್ದೆ. ಸುದ್ದಿ ಕೇಳಿದ ತಾಯಿ ಶಿವಬಸವ್ವ ಅವಳನ್ನು ಬಾಗಿಲಲ್ಲೇ ತಡೆದಳು.

“ಐತಿ ಅಂತ ಹೇಳಿಬಿಡ ಯವ್ವಾ. ಅವರೇನು ಹೋಗಿ ನೋಡಿ ಬರ್ತಾರೇನು?”

ಹೌದು, ಹಾಗೇ ಹೇಳು ಎಂದು ನಾನೂ ದನಿಗೂಡಿಸಿದೆ. ನಾಗರತ್ನಾ ಒಳಗೆ ಹೋಗಿ ತಂದೆಯ ಹಾಸಿಗೆಯ ಬಳಿ ಕೂತಳು. ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

“ಇಲ್ಲಪ್ಪಾ. ಅಲ್ಲಿ ಗಾಳಿ ಇಲ್ಲ. ಬರೇ ಕಲ್ಲು.”

ಅಮಾತೆಪ್ಪ ಕಣ್ಣು ಮುಚ್ಚಿದ. ಶಿವಬಸವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗಂತೂ ಆ ಹುಡುಗಿಯ ಮೇಲೆ ಸಿಟ್ಟೇ ಬಂತು.

ಅಮಾತೆಪ್ಪ ಕಣ್ಣು ತೆರೆದು ಕೇಳಿದ: “ಗಾಳಿ ಇಲ್ಲಂದ್ರ... ಅಲ್ಲಿ ಕಲ್ಲು ಕೊರದ್ರ, ಧೂಳು?”

ನಾಗರತ್ನಾ ಅವನ ಕಡೆಗೆ ಬಾಗಿದಳು. “ತೇಲಾಡಂಗಿಲ್ಲಪ್ಪಾ. ಎದ್ದದ್ದು ಹಂಗ ಕೆಳಗ ಬೀಳತೈತಿ.”

“ಯಾರ ಎದಿಯೊಳಗೂ ಹೋಗಂಗಿಲ್ಲ?”

“ಹೋಗಂಗಿಲ್ಲ.”

“ಛಲೋ ಜಾಗಾನ ಹುಡುಕಿದಿ ಬಿಡವ್ವಾ,” ಎಂದು ಅವನು ಮಗಳ ತಲೆಯ ಮೇಲೆ ಕೈಯಿಟ್ಟ.