ಗಣಪತಿಗೆ ಕಣ್ಣು ಬಿಡಿಸಿದ ದಿನ

ನನ್ನ ಮೊಮ್ಮಗಳು ಮೊನ್ನೆ ಗಣಪತಿಗೆ ಕಣ್ಣು ಬಿಡಿಸಿದಳು! ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹೇಳಿದೆ. ಹಾಲಿನವನಿಗೂ ಹೇಳಿದೆ. ನನ್ನ ಕನ್ನಡ ಅವನಿಗೆ ತಿಳಿಯದು. ನಾನು ನಗುತ್ತ ಅಳುವುದನ್ನು ಕಂಡು ಪಾತ್ರೆಗೆ ಇನ್ನಷ್ಟು ಹಾಲು ಸುರಿದು ಹೋದ.

ನಮ್ಮದು ಬಳ್ಳಾರಿ ಕಡೆಯ ತೊಗಲುಗೊಂಬೆ ಆಡಿಸುವ ಮನೆ. ಮಗನಿಗೆ ರೈಲ್ವೆಯಲ್ಲಿ ವಡೋದರಾಕ್ಕೆ ವರ್ಗವಾದಾಗ ನಾವು ಗಂಡಹೆಂಡತಿ ಗೊಂಬೆಯ ಪೆಟ್ಟಿಗೆಯ ಸಮೇತ ಬಂದೆವು. ನಮ್ಮವರು ಇಲ್ಲಿನ ಶಾಲೆಗಳಲ್ಲಿಯೂ ಆಡಿಸಿದರು. ಪರದೆಯ ಮೇಲೆ ಮೊದಲು ಗಣಪತಿ ಬರಬೇಕು. ಅವನಿಲ್ಲದೆ ಬೇರೆ ಗೊಂಬೆ ಮುಟ್ಟುವಂತಿಲ್ಲ.

ಹೋದ ಮಳೆಗಾಲದಲ್ಲಿ ಇಲ್ಲಿನ ಹೊಳೆ ಉಕ್ಕಿ ನಮ್ಮ ನೆಲಮಹಡಿಯ ಮನೆಗೆ ನುಗ್ಗಿತು. ಮಂಚದ ಕೆಳಗಿದ್ದ ಪೆಟ್ಟಿಗೆ ಮುಳುಗಿತು. ನೀರು ಇಳಿದ ಮೇಲೆ ತೆಗೆದರೆ ಗೊಂಬೆಗಳು ಉಬ್ಬಿ, ಬಣ್ಣ ಬಿಟ್ಟು, ಒಂದಕ್ಕೊಂದು ಅಂಟಿಕೊಂಡಿದ್ದವು. ಗಟಾರದ ವಾಸನೆ ಬೇರೆ.

"ಮೈಲಿಗಿ ಆಗ್ಯಾವ. ಜೀವ ಹೋದ ಗೊಂಬಿ ಮನ್ಯಾಗ ಇಡಬಾರದು," ಅಂದರು ನಮ್ಮವರು.

"ಅಪ್ಪಾ, ಸ್ವಲ್ಪ ತಡಿ. ಯಾರಿಗಾರ ತೋರಿಸೋಣು," ಅಂದ ಮಗ.

"ಹೆಣ ಇಟ್ಕೊಂಡು ಯಾರಿಗೆ ತೋರಸ್ತಿ?"

ಕೆಟ್ಟ ಗೊಂಬೆಯನ್ನು ಪೂಜೆ ಮಾಡಿ ಹೊಳೆಗೆ ಬಿಡುವುದು ನಮ್ಮ ಹಿರಿಯರ ರೂಢಿ. ಅರಿಶಿನ ಕುಂಕುಮ ಹಚ್ಚಿ, ಮುಳುಗಿಸಿದ ಆ ಹೊಳೆಗೇ ಒಂದೊಂದಾಗಿ ಬಿಟ್ಟರು. ಗಣಪತಿಯನ್ನು ಕೊನೆಗೆ ಬಿಟ್ಟರು. ಪೆಟ್ಟಿಗೆಯ ತಳಕ್ಕೆ ಕಚ್ಚಿಕೊಂಡಿದ್ದ ಕೋಡಂಗಿ ಗೊಂಬೆಯೊಂದು ಮಾತ್ರ ಕಣ್ಣಿಗೆ ಬೀಳದೆ ಉಳಿಯಿತು.

ಆಮೇಲೆ ಅಹಮದಾಬಾದಿನಿಂದ ಒಬ್ಬ ಹುಡುಗಿ ಬಂದಳು. ನೆರೆಯಲ್ಲಿ ಕೆಟ್ಟ ಚಿತ್ರ, ವಾದ್ಯ, ಗೊಂಬೆಗಳನ್ನು ಸರಿಮಾಡಿಕೊಡುವ ಗುಂಪಿನವಳು. ಮೊಮ್ಮಗಳ ಚಿತ್ರಕಲಾ ಟೀಚರ್ ಹೇಳಿಕಳಿಸಿದ್ದರು. ಕೋಡಂಗಿಯನ್ನು ಮೆಲ್ಲಗೆ ಬಿಡಿಸಿ, ಕೆಸರು ತೊಳೆದು, ಹತ್ತಿಬಟ್ಟೆಯ ನಡುವೆ ಇಟ್ಟು, ಮೇಲೆ ಹಲಗೆ ಹೇರಿ ನೆರಳಲ್ಲಿ ಒಣಗಿಸಿದಳು. ದಿನ ಕಳೆದಂತೆ ಅದರ ನಗು ಮತ್ತೆ ಕಾಣಿಸಿತು.

"ದಾದಾಜಿ, ಬಾಕಿ ಗೊಂಬೆಗಳೆಲ್ಲಿ? ಅವೂ ಹೀಗೇ ಬದುಕುತ್ತವೆ," ಎಂದು ಅವಳು ಹಿಂದಿಯಲ್ಲಿ ಕೇಳಿದ್ದನ್ನು ಮಗ ಕನ್ನಡದಲ್ಲಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನಮ್ಮವರು ಎದ್ದು ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು.

ಆ ಗುಂಪಿನವರು ಬೈಯಲಿಲ್ಲ. ಹದ ಮಾಡಿದ ಮೇಕೆತೊಗಲು, ಬಣ್ಣ, ಉಳಿ ತಂದುಕೊಟ್ಟರು. ಬಹಳ ದಿನ ಅವು ಹಾಗೇ ಬಿದ್ದಿದ್ದವು. ಒಂದು ಮಧ್ಯಾಹ್ನ ಮೊಮ್ಮಗಳು, "ತಾತ, ಗಣಪತಿ ಸೂಂಡ್ ಯಾವ ಕಡೆ?" ಅಂದಳು. ಇಲ್ಲೇ ಬೆಳೆದ ಮಗು, ಸೊಂಡಿಲು ಅನ್ನುವ ಮಾತು ಬಾರದು. ಅವರು ಎದ್ದು ಕೂತರು. ತೊಗಲಿನ ಮೇಲೆ ಗೆರೆ ಎಳೆದರು, ಅವಳು ಉಳಿಯಿಂದ ರಂಧ್ರ ಹೊಡೆದಳು. ಕಿರೀಟ ಆಯಿತು, ಹೊಟ್ಟೆ ಆಯಿತು.

ಕಣ್ಣು ಕೊನೆಗೆ. ಕಣ್ಣು ಕೊರೆದಾಗಲೇ ಗೊಂಬೆಗೆ ಜೀವ.

"ಅದೊಂದು ಮಾಡ್ರಿ," ಅಂದೆ.

"ಕಣ್ಣಿದ್ದಾವನ್ನ ನೀರಿಗೆ ಬಿಟ್ಟ ಕೈ ಇದು. ಆಗೂದಿಲ್ಲ."

ಕುರುಡು ಗಣಪತಿ ಗೋಡೆಗೆ ಒರಗಿಯೇ ಇದ್ದ. ಚಳಿಗಾಲದಲ್ಲಿ ನಮ್ಮವರು ಹೋಗಿಬಿಟ್ಟರು. ಇನ್ನು ಪೆಟ್ಟಿಗೆ ತೆರೆಯುವವರಿಲ್ಲ, ಮುಗಿಯಿತು ಅಂದುಕೊಂಡಿದ್ದೆ.

ಮೊನ್ನೆ ಮೊಮ್ಮಗಳು ಸ್ನಾನ ಮಾಡಿ ಬಂದು ಉಳಿ ಕೈಗೆತ್ತಿಕೊಂಡಳು.

"ಅಜ್ಜಿ, ಇವನಿಗೆ ದರ್ದ್ ಆಗತ್ತಾ?"

"ನೋವಾದ್ರ ನಿಮ್ಮ ತಾತಗ ಹೇಳ್ಕೊಂತಾನ. ನೀ ಹೊಡಿ."

ಹೊಡೆದಳು. ಪರದೆ ಕಟ್ಟಿ ಹಿಂದೆ ದೀಪ ಇಟ್ಟೆವು. ಗಣಪತಿಯ ಕಣ್ಣಿನಿಂದ ಬೆಳಕು ತೂರಿ ಬಂತು. ಆಮೇಲೆ ಕೋಡಂಗಿ ಕುಣಿದ. ಕೋಡಂಗಿಗೆ ತಾತ ಕೊಡುತ್ತಿದ್ದ ಕೀರಲು ದನಿಯನ್ನೇ ಅವಳು ತೆಗೆದಾಗ ಮಗ ಹೊರಗೆ ಹೋಗಿ ನಿಂತ.

ಸಂಜೆ ಸೊಸೆ ಕಡುಬು ಮಾಡಿದಳು. ಗಣಪತಿಗೆ ಎಡೆ ಇಟ್ಟು ಎಲ್ಲರೂ ನೆಲದ ಮೇಲೆ ಕುಳಿತೆವು. ಕಿಟಕಿಯ ಕೆಳಗೆ ನಮ್ಮವರು ಊಟಕ್ಕೆ ಕೂರುತ್ತಿದ್ದ ಜಾಗದಲ್ಲಿ ಅಷ್ಟು ದಿನ ಯಾರೂ ಕೂತಿರಲಿಲ್ಲ. ಮೊಮ್ಮಗಳು ಹೋಗಿ ಅಲ್ಲೇ ಕುಳಿತಳು. ಸೊಸೆ ನನ್ನ ಮುಖ ನೋಡಿದಳು. ನಾನು ಅವಳ ತಟ್ಟೆಗೇ ಮೊದಲ ಕಡುಬು ಹಾಕಿದೆ.

"ತುಪ್ಪ ಹಾಕು, ಅಜ್ಜಿ," ಅಂದಳು.