ಇಸ್ತ್ರಿಯವಳ ಮನೆಯ ಬಂದರು

ಸುಕ್ಕು ಕಂಡರೆ ಇಸ್ತ್ರಿಯವಳ ಕೈ ಸುಮ್ಮನಿರದು. ಬಂದರಿನ ಗೋಡೆಗೆ ಆತುಕೊಂಡ ಒಂದೇ ಕೋಣೆಯಲ್ಲಿ ಹಡಗಿನವರ ಬಟ್ಟೆಗಳನ್ನು ಇಸ್ತ್ರಿ ಮಾಡಿ ಮಾಡಿ ಪಳಗಿದ ಕೈ ಅದು. ಗಂಡ ದಡದಲ್ಲಿ ದೋಣಿಗಳಿಗೆ ಹಗ್ಗ ಕಟ್ಟುವವನು. ಚಳಿಯಿರಲಿ ಬಿಸಿಲಿರಲಿ, ತಲೆಗೆ ಕೆಂಪು ಟೋಪಿ. ಫೋಟೋ ಎಂದರೆ ಮಾರುದೂರ ಓಡುತ್ತಿದ್ದ ಮಹಾರಾಯ. ಮಗಳಿನ್ನೂ ಹೊಟ್ಟೆಯಲ್ಲಿದ್ದಾಗ ಅವನನ್ನು ಸಮುದ್ರ ನುಂಗಿತು, ಹೆಣವೂ ಸಿಗಲಿಲ್ಲ.

ಉಳಿದದ್ದು ಒಂದು ಚಿತ್ರ. ಪಕ್ಕದ ಬೀದಿಯಲ್ಲಿ ಬಾಡಿಗೆಗಿದ್ದ ಚಿತ್ರಕಾರ ಬಂದರನ್ನು ಕ್ರೇಯಾನಿನಲ್ಲಿ ಬರೆದು, ಊರು ಬಿಡುವಾಗ ಇವರಿಗೆ ಕೊಟ್ಟಿದ್ದ. ಕೋಳಿ ಕೆದರಿದ ಹಾಗಿದೆಯಲ್ಲ ಎಂದು ಇವಳು ನಕ್ಕಿದ್ದಳು. ಬಾಗಿಲ ತನಕ ಹಿಂದೆ ಸರಿದು ನೋಡಮ್ಮ ಎಂದ ಅವನು. ಸರಿದು ನೋಡಿದರೆ, ಅಬ್ಬಾ! ನೀಲಿ ಗೀಟುಗಳೆಲ್ಲ ನೀರು, ಕಂದು ಗೀಟುಗಳೆಲ್ಲ ದೋಣಿ, ನಡುವೆ ಒಂದು ಕೆಂಪು ಚುಕ್ಕೆಯ ಕೆಳಗೆ ಬಗ್ಗಿದ ಬೆನ್ನು. ಕಣ್ಣು ಮೂಗು ಏನೂ ಇಲ್ಲ. ಆದರೂ ಅವನೇ.

ಮಗಳು ಶಾಲೆಗೆ ಸೇರಿದ ಮೇಲೆ, ಅಪ್ಪ ಹೇಗಿದ್ದರು ಎಂದು ದಿನಾ ಪ್ರಾಣ ತಿನ್ನತೊಡಗಿದಳು. ಸಂಜೆ ನೀನು ಬರುವಷ್ಟರಲ್ಲಿ ಅಪ್ಪ ಗೋಡೆಯ ಮೇಲಿರುತ್ತಾರೆ ಎಂದು ಇವಳು ಒಂದು ಬೆಳಗ್ಗೆ ಮಾತು ಕೊಟ್ಟಳು. ಬಡಗಿಯಿಂದ ಚೌಕಟ್ಟು ತಂದಳು. ಟ್ರಂಕಿನ ತಳದಿಂದ ಚಿತ್ರ ತೆಗೆದರೆ, ಮಡಿಕೆಯ ಗೆರೆ ಸರಿಯಾಗಿ ಗಂಡನ ಕತ್ತಿನ ಮೇಲೆ ಬಿದ್ದಿತ್ತು. ಕತ್ತು ಮುರಿದ ಅಪ್ಪನನ್ನು ಮಗುವಿಗೆ ತೋರಿಸುವುದುಂಟೇ?

ಬೇರೆಯವರಾಗಿದ್ದರೆ ಮೇಲೆ ಭಾರ ಹೇರಿ ಸುಮ್ಮನಾಗುತ್ತಿದ್ದರು. ಹಣೆಬರಹ ನೋಡಿ, ಇವಳು ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು. ರೇಷ್ಮೆಗೆ ಇಡುವಷ್ಟೇ ಕಾವು, ಮೇಲೊಂದು ತೆಳು ಬಟ್ಟೆ, ಉಸಿರು ಬಿಗಿಹಿಡಿದು ಒಂದೇ ಎಳೆತ. ಕ್ರೇಯಾನೆಂದರೆ ಮೇಣ ಎಂದು ಅವಳಿಗೆ ಹೇಳಿದವರಾದರೂ ಯಾರು?

ಬಟ್ಟೆ ಎತ್ತಿದಳು. ಗೆರೆ ಹೋಗಿತ್ತು. ಜೊತೆಗೆ ದೋಣಿ, ದಡ ಎಲ್ಲ ಕಲಸಿಹೋಗಿ, ಕೆಂಪು ಕರಗಿ ನೀಲಿಯೊಳಗೆ ಇಳಿದಿತ್ತು. ಬಾಗಿಲ ತನಕ ಹಿಂದೆ ಸರಿದಳು. ಹೊಸ್ತಿಲು ದಾಟಿ ಬೀದಿಯಲ್ಲಿ ನಿಂತು ನೋಡಿದಳು. ನೀರು ಬಿಟ್ಟರೆ ಏನೂ ಕಾಣಲಿಲ್ಲ. ಅವನು ಹೋದ ದಿನ ಅತ್ತಷ್ಟೇ ಅತ್ತಳು.

ಮಾತು ಕೊಟ್ಟಾಗಿತ್ತಲ್ಲ, ಚೌಕಟ್ಟಿಗೆ ಹಾಕಿ ಅದನ್ನೇ ತೂಗುಹಾಕಿದಳು. ಸಂಜೆ ಮಗಳು ಚೀಲವನ್ನೂ ಇಳಿಸದೆ ಹತ್ತಿರದಿಂದ ನೋಡಿದಳು, ದೂರ ಹೋಗಿ ನೋಡಿದಳು.

"ಅಮ್ಮಾ, ಇದರಲ್ಲಿ ಅಪ್ಪ ಎಲ್ಲಿದಾರೆ?"

ಯಾವುದೋ ಒಂದು ಕಲೆಯ ಮೇಲೆ ಬೆರಳಿಟ್ಟು ಸುಳ್ಳು ಹೇಳಬಹುದಿತ್ತು.

"ಬೆಳಗ್ಗೆವರೆಗೂ ಇದ್ರು ಪುಟ್ಟಿ. ನಾನೇ ಇಸ್ತ್ರಿ ಮಾಡಿಬಿಟ್ಟೆ."